ನೆಲವೂ ಡೊಂಕಿರಬಹುದು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯನ್ನು ನಾವೆಲ್ಲ ಸಣ್ಣವರಿದ್ದಾಗಿನಿಂದ ಕೇಳುತ್ತಾ ಬಂದವರು. ಗಾದೆಯೊಳಗೆ ತೀರ್ಪು ಮೊದಲೇ ಆಗಿಹೋಗಿದೆ: ತಪ್ಪು ಕುಣಿಯುವವಳದ್ದು, ನೆಲ ನೆಟ್ಟಗೇ ಇದೆ. ಬಗ್ಗಿ ನೆಲವನ್ನು ನೋಡುವ ಗೋಜಿಗೆ ಯಾರೂ ಹೋಗುವುದಿಲ್ಲ. ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವ ನಮ್ಮಂಥವರ ನಡುವೆಯೂ ಇದೇ ಗಾದೆ ಬೇರೊಂದು ವೇಷದಲ್ಲಿ ಓಡಾಡಿಕೊಂಡಿದೆ. ಬಳಕೆದಾರರು ಫೋನ್ ಮಾಡಿ ‘ನಿಮ್ಮ ಪ್ರೋಗ್ರಾಮ್ ಕೆಲಸ ಮಾಡುತ್ತಿಲ್ಲ’ ಎಂದು ದೂರಿದರೆ, ‘ತೊಂದರೆ ಇರುವುದು ಕುರ್ಚಿಗೂ ಕೀಬೋರ್ಡಿಗೂ ನಡುವೆ’ ಎಂದು ನಮ್ಮ ಜನ ತಮ್ಮತಮ್ಮಲ್ಲೇ ನಗುತ್ತಾರೆ. ಕುರ್ಚಿಗೂ ಕೀಬೋರ್ಡಿಗೂ ನಡುವೆ ಇರುವುದು ಯಾರು ಎಂದು ಬೇರೆ ಹೇಳಬೇಕಿಲ್ಲವಷ್ಟೆ.

ಯೂಸರ್ ಇಂಟರ್‌ಫೇಸ್, ಯೂಸರ್ ಎಕ್ಸ್‌ಪೀರಿಯನ್ಸ್ ಎಂಬ ಎರಡು ಪದಗಳು ನಮ್ಮ ಕಚೇರಿಗಳಲ್ಲಿ ದಿನಬೆಳಗಾದರೆ ಕೇಳಿಬರುತ್ತವೆ. ಬಣ್ಣ ಆರಿಸುವುದು, ಗುಂಡಿಗಳ ಮೂಲೆಗಳನ್ನು ನುಣುಪು ಮಾಡುವುದು ಎಂದೇ ಅನೇಕರು ತಿಳಿದಿದ್ದಾರೆ. ಮೂಲದಲ್ಲಿ ಇಂಟರ್‌ಫೇಸ್ ಎಂದರೆ ಮನುಷ್ಯನೂ ಅವನ ಕೈಲಿರುವ ಸಾಧನವೂ ಮುಖಾಮುಖಿಯಾಗುವ ಜಾಗ. ಎಕ್ಸ್‌ಪೀರಿಯನ್ಸ್ ಎಂದರೆ ಆ ಜಾಗಕ್ಕೆ ಬರುವ ಮೊದಲಿನಿಂದ ಹಿಡಿದು ಕೆಲಸ ಮುಗಿಸಿ ಹೊರಡುವ ತನಕ ಅವನಿಗೆ ಆಗುವ ಒಟ್ಟು ಅನುಭವ. ಈ ವಿದ್ಯೆಯ ಮೂಲಪಾಠಗಳನ್ನು ಕಂಪ್ಯೂಟರ್ ಪರದೆಯ ಮೂಲಕ ಹೇಳುವುದು ವಾಡಿಕೆ. ನಾವು ಇಲ್ಲಿ ಬೇರೊಂದು ಸಾಧನವನ್ನು ಎತ್ತಿಕೊಳ್ಳುತ್ತಿದ್ದೇವೆ. ಅದು ಮತಪತ್ರ. ಇಲ್ಲಿನ ಪೌರತ್ವ ಪಡೆದವರು, ಊರಿನ ಪಾಸ್‌ಪೋರ್ಟ್ ಉಳಿಸಿಕೊಂಡವರು, ಇಬ್ಬರೂ ಒಂದಲ್ಲ ಒಂದು ಕಡೆ ಅದನ್ನು ಕೈಯಲ್ಲಿ ಹಿಡಿದವರೇ. ಅಂಗಡಿಯ ವೆಬ್‌ಸೈಟ್ ಕೆಟ್ಟದಾಗಿದ್ದರೆ ಆ ಅಂಗಡಿಗೆ ನಾಲ್ಕು ಗಿರಾಕಿ ಕಡಿಮೆಯಾಗಬಹುದು. ಮತಪತ್ರ ಕೆಟ್ಟದಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಚರಿತ್ರೆಯಲ್ಲಿ ಉದಾಹರಣೆ ಇದೆ.

ಎರಡು ಲಿವರ್‌ಗಳ ಕಥೆ

ಅದಕ್ಕೂ ಮೊದಲು ಒಂದು ಸಣ್ಣ ಪೀಠಿಕೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಬಾಂಬರ್ ವಿಮಾನಗಳು ವಿಚಿತ್ರವಾದ ಅಪಘಾತಗಳಿಗೆ ಒಳಗಾಗುತ್ತಿದ್ದವು. ವಿಮಾನ ಸುರಕ್ಷಿತವಾಗಿ ನೆಲಕ್ಕಿಳಿದು ಓಡುತ್ತಿರುವಾಗ ಚಾಲಕ ಇದ್ದಕ್ಕಿದ್ದಂತೆ ಚಕ್ರಗಳನ್ನೇ ಒಳಕ್ಕೆ ಎಳೆದುಕೊಂಡು ವಿಮಾನವನ್ನು ಹೊಟ್ಟೆಯ ಮೇಲೆ ಕೂರಿಸಿಬಿಡುತ್ತಿದ್ದ. ಎಲ್ಲ ವರದಿಗಳಲ್ಲೂ ‘ಚಾಲಕನ ತಪ್ಪು’ ಎಂಬ ಒಂದೇ ಷರಾ. ಆಲ್ಫನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞ ಚಾಲಕನನ್ನು ಬಿಟ್ಟು ಚಾಲಕನ ಕೋಣೆಯನ್ನು ನೋಡಿದರು. ರೆಕ್ಕೆಯ ಫ್ಲ್ಯಾಪ್‌ಗಳನ್ನು ಎತ್ತುವ ಹಿಡಿ, ಚಕ್ರಗಳನ್ನು ಎತ್ತುವ ಹಿಡಿ, ಎರಡೂ ಅಕ್ಕಪಕ್ಕದಲ್ಲಿದ್ದವು, ಎರಡೂ ಒಂದೇ ಆಕಾರದಲ್ಲಿದ್ದವು. ದಣಿದ ಕೈ ಒಂದರ ಬದಲು ಇನ್ನೊಂದನ್ನು ಎಳೆಯುತ್ತಿತ್ತು. ಚಪಾನಿಸ್ ಚಕ್ರದ ಹಿಡಿಗೆ ಪುಟ್ಟ ರಬ್ಬರ್ ಚಕ್ರವನ್ನೂ, ಫ್ಲ್ಯಾಪಿನ ಹಿಡಿಗೆ ಬೆಣೆಯಾಕಾರದ ತುದಿಯನ್ನೂ ಕೂರಿಸಿದರು. ಕತ್ತಲಲ್ಲೂ ಕೈಗೆ ವ್ಯತ್ಯಾಸ ತಿಳಿಯುವಂತಾಯಿತು. ಚಕ್ರದ ಹಿಡಿ ಚಕ್ರದಂತೆಯೇ ಇರಬೇಕೆಂಬುದು ಮುಂದೆ ಅಮೆರಿಕದ ವಿಮಾನಯಾನ ನಿಯಮಗಳಲ್ಲೇ ಸೇರಿತು.

1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಎಂಬ ಇಬ್ಬರು, ಚಾಲಕರ ತಪ್ಪು ಎನಿಸಿಕೊಂಡಿದ್ದ 460 ಪ್ರಸಂಗಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಬಹುಪಾಲು ತಪ್ಪುಗಳು ಒಂದೇ ಬಗೆಯ ಗುಂಪುಗಳಲ್ಲಿ ಬಂದು ಬೀಳುತ್ತಿದ್ದವು. ಬೇರೆಬೇರೆ ಮನುಷ್ಯರು ಒಂದೇ ಜಾಗದಲ್ಲಿ ಒಂದೇ ರೀತಿ ಎಡವುತ್ತಿದ್ದಾರೆಂದರೆ ಆ ಜಾಗದಲ್ಲಿ ಏನೋ ಇದೆ ಎಂದರ್ಥ. ನಮ್ಮ ವಿದ್ಯೆ ಹುಟ್ಟಿದ್ದು ಈ ಒಂದು ತಿಳಿವಳಿಕೆಯಿಂದ. ಡೊನಾಲ್ಡ್ ನಾರ್ಮನ್ 1988ರಲ್ಲಿ ಬಾಗಿಲು, ಒಲೆ, ನಲ್ಲಿಗಳಂಥ ದಿನಬಳಕೆಯ ವಸ್ತುಗಳ ಬಗ್ಗೆ ಬರೆದ ಪುಸ್ತಕವಾಗಲಿ, ಅವರು 1993ರಲ್ಲಿ ಆಪಲ್ ಕಂಪನಿ ಸೇರಿದ ಮೇಲೆ ಚಲಾವಣೆಗೆ ತಂದ ‘ಯೂಸರ್ ಎಕ್ಸ್‌ಪೀರಿಯನ್ಸ್’ ಎಂಬ ಹೆಸರಾಗಲಿ, 1994ರಲ್ಲಿ ಜೇಕಬ್ ನೀಲ್ಸನ್ ಪಟ್ಟಿ ಮಾಡಿದ ಹತ್ತು ಸೂತ್ರಗಳಾಗಲಿ ಇದೇ ಬೇರಿನ ಕೊಂಬೆಗಳು.

ಪಾಮ್ ಬೀಚಿನ ಚಿಟ್ಟೆ

ಈಗ ಮತಪತ್ರಕ್ಕೆ ಬರೋಣ. 2000ದ ನವೆಂಬರ್ 7ರಂದು ಅಮೆರಿಕದಲ್ಲಿ ಅಧ್ಯಕ್ಷ ಚುನಾವಣೆ. ಫ್ಲಾರಿಡಾದ ಪಾಮ್ ಬೀಚ್ ಕೌಂಟಿಯಲ್ಲಿ ಆಗ ತೂತು ಹೊಡೆಯುವ ಕಾರ್ಡಿನ ಪದ್ಧತಿ ಇತ್ತು. ಬರ್ಕ್ಲಿಯಲ್ಲಿ ರಾಜ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜೋಸೆಫ್ ಹ್ಯಾರಿಸ್ 1960ರ ದಶಕದಲ್ಲಿ ಐಬಿಎಂನ ಕಾರ್ಡ್ ತಂತ್ರವನ್ನು ಬಳಸಿ ರೂಪಿಸಿದ ಸಾಧನ ಅದು. ಅಭ್ಯರ್ಥಿಗಳ ಹೆಸರು ಪುಸ್ತಕದಂಥ ಹಾಳೆಗಳ ಮೇಲೆ. ಕಾರ್ಡು ಅದರ ಅಡಿಯಲ್ಲಿ. ಹೆಸರಿನ ಎದುರಿನ ತೂತಿಗೆ ಮೊಳೆಯಂಥ ಕಡ್ಡಿಯನ್ನು ಚುಚ್ಚಿದರೆ ಕಾಗದದ ಚೂರು ಉದುರಿ ಮತ ದಾಖಲಾಗುತ್ತದೆ.

ಕೌಂಟಿಯ ಚುನಾವಣಾಧಿಕಾರಿ ಥೆರೆಸಾ ಲೆಪೋರ್ ಅವರ ಮುಂದೆ ಒಂದು ಸಮಸ್ಯೆ ಇತ್ತು. ಅಭ್ಯರ್ಥಿ ಜೋಡಿಗಳು ಹತ್ತು. ಎಲ್ಲವನ್ನೂ ಒಂದೇ ಪುಟದಲ್ಲಿ ಹಾಕಿದರೆ ಅಕ್ಷರ ಚಿಕ್ಕದಾಗುತ್ತದೆ. ಪಾಮ್ ಬೀಚ್ ಎಂದರೆ ನಿವೃತ್ತರ ಬೀಡು. ವಯಸ್ಸಾದವರ ಕಣ್ಣಿಗೆ ಚಿಕ್ಕ ಅಕ್ಷರ ಕಾಣದು. ಹಾಗಾಗಿ ಅವರು ಅಕ್ಷರವನ್ನು ದೊಡ್ಡದು ಮಾಡಿ ಹೆಸರುಗಳನ್ನು ಎಡಕ್ಕೆ ಆರು, ಬಲಕ್ಕೆ ನಾಲ್ಕು ಎಂದು ಎರಡು ಪುಟಗಳಲ್ಲಿ ಹಂಚಿದರು. ತೂತುಗಳ ಒಂದೇ ಸಾಲು ನಡುವೆ. ರೆಕ್ಕೆ ಬಿಚ್ಚಿದ ಚಿಟ್ಟೆಯಂತೆ ಕಾಣುತ್ತಿದ್ದರಿಂದ ಇದಕ್ಕೆ ಚಿಟ್ಟೆ ಮತಪತ್ರ ಎಂದೇ ಹೆಸರು ಬಿತ್ತು.

ಎಡಪುಟದಲ್ಲಿ ಮೊದಲ ಹೆಸರು ಬುಷ್, ಅದರ ಕೆಳಗೆ ಎರಡನೆಯದು ಗೋರ್. ನಡುವಿನ ಸಾಲಿನಲ್ಲಿ ಮೊದಲ ತೂತು ಬುಷ್‌ಗೆ. ಎರಡನೆಯ ತೂತು ಬಲಪುಟದ ಮೊದಲ ಹೆಸರಾದ ಪ್ಯಾಟ್ ಬುಕಾನನ್‌ಗೆ. ಗೋರ್‌ಗೆ ಮೂರನೆಯದು. ನಾವು ಓದುವುದು ಎಡದಿಂದ, ಮೇಲಿನಿಂದ ಕೆಳಕ್ಕೆ. ಎರಡನೇ ಹೆಸರಿಗೆ ಎರಡನೇ ತೂತು ಎಂದು ಕೈ ತಾನಾಗಿ ಹೋಗುತ್ತದೆ. ಹೆಸರಿಗೂ ತೂತಿಗೂ ನಡುವೆ ಬಾಣದ ಗುರುತು ಇತ್ತು, ನಿಜ. ಆದರೆ ಬಾಣ ಹಾಕಿ ವಿವರಿಸಬೇಕಾಗಿ ಬಂತೆಂದರೆ ಜೋಡಣೆ ಸಹಜವಾಗಿಲ್ಲ ಎಂದೇ ಲೆಕ್ಕ. ನಾಲ್ಕು ಒಲೆಗಳನ್ನು ಚೌಕದಲ್ಲಿಟ್ಟು ನಾಲ್ಕು ತಿರುಗುಗುಂಡಿಗಳನ್ನು ಒಂದೇ ಸಾಲಿನಲ್ಲಿಟ್ಟ ಗ್ಯಾಸ್ ಸ್ಟವ್ ನಿಮ್ಮ ಮನೆಯಲ್ಲೂ ಇದ್ದೀತು. ಹಾಲಿನ ಒಲೆ ಸಣ್ಣದು ಮಾಡಲು ಹೋಗಿ ಸಾರಿನ ಒಲೆ ಆರಿಸಿದ ಅನುಭವ ಯಾರಿಗಿಲ್ಲ? ನಾರ್ಮನ್ ತಮ್ಮ ಪುಸ್ತಕದಲ್ಲಿ ಎತ್ತಿಕೊಂಡದ್ದೂ ಇದೇ ಒಲೆಯ ಉದಾಹರಣೆಯನ್ನು.

ಪಾಮ್ ಬೀಚಿನಲ್ಲಿ ಬುಕಾನನ್‌ಗೆ 3,400ಕ್ಕೂ ಹೆಚ್ಚು ಮತ ಬಂತು. ಸಾಂಪ್ರದಾಯಿಕವಾಗಿ ಡೆಮಾಕ್ರಟರ ಕಡೆ ವಾಲುವ ಆ ಕೌಂಟಿಯಲ್ಲಿ ತಮಗೆ ಇಷ್ಟು ಮತ ಬರಲು ಸಾಧ್ಯವಿಲ್ಲ ಎಂದು ಸ್ವತಃ ಬುಕಾನನ್ ಅವರೇ ಟಿವಿಯಲ್ಲಿ ಒಪ್ಪಿಕೊಂಡರು. ಎರಡು ಕಡೆ ಚುಚ್ಚಿ ತಿರಸ್ಕೃತವಾದ ಕಾರ್ಡುಗಳು 19 ಸಾವಿರಕ್ಕೂ ಹೆಚ್ಚು. ತಪ್ಪು ತೂತು ಚುಚ್ಚಿದೆನೆಂದು ಗೊತ್ತಾದವರಲ್ಲಿ ಕೆಲವರು ಸರಿಯಾದದ್ದನ್ನೂ ಚುಚ್ಚಿದ್ದರು. ಕಾಗದದ ಮೇಲಾದರೆ ಹೊಡೆದುಹಾಕಿ ಪಕ್ಕದಲ್ಲಿ ಬರೆಯಬಹುದು. ತೂತನ್ನು ಹಿಂದಕ್ಕೆ ಮುಚ್ಚುವುದು ಹೇಗೆ? ಹೊಸ ಕಾರ್ಡು ಕೇಳಿ ಪಡೆಯುವ ಅವಕಾಶ ಇತ್ತು, ಆದರೆ ಹಿಂದೆ ಸರತಿ ನಿಂತಿರುವಾಗ ಕೇಳುವ ಧೈರ್ಯ ಎಷ್ಟು ಜನಕ್ಕಿದ್ದೀತು?

ಇಡೀ ಫ್ಲಾರಿಡಾದಲ್ಲಿ ಸುಮಾರು 60 ಲಕ್ಷ ಮತಗಳ ಪೈಕಿ ಬುಷ್ ಗೆದ್ದ ಅಂತರ 537. ಆ ರಾಜ್ಯದ ಫಲಿತಾಂಶವೇ ಅಧ್ಯಕ್ಷಗಾದಿಯನ್ನು ತೀರ್ಮಾನಿಸಿತು. 2001ರ ಡಿಸೆಂಬರಿನಲ್ಲಿ ರಾಜ್ಯಶಾಸ್ತ್ರದ ವಿದ್ವಾಂಸರ ತಂಡವೊಂದು ತನ್ನ ಅಧ್ಯಯನವನ್ನು ಪ್ರಕಟಿಸಿತು. ಅಂಚೆಯಲ್ಲಿ ಮತ ಹಾಕಿದ ಪಾಮ್ ಬೀಚ್ ನಿವಾಸಿಗಳ ಕೈಗೆ ಚಿಟ್ಟೆಯ ವಿನ್ಯಾಸ ಬಂದಿರಲಿಲ್ಲ. ಅವರಲ್ಲಿ ಬುಕಾನನ್‌ಗೆ ಮತ ಹಾಕಿದವರ ಪ್ರಮಾಣಕ್ಕೆ ಹೋಲಿಸಿದರೆ ಮತಗಟ್ಟೆಗೆ ಬಂದವರಲ್ಲಿ ಆ ಪ್ರಮಾಣ ಸುಮಾರು ನಾಲ್ಕು ಪಟ್ಟು ಇತ್ತು. ಗೋರ್‌ಗೆ ಹಾಕಲು ಬಂದ 2,000ಕ್ಕೂ ಹೆಚ್ಚು ಜನ ಬುಕಾನನ್‌ಗೆ ಹಾಕಿ ಹೋಗಿದ್ದಾರೆ ಎಂಬುದು ತಂಡದ ಲೆಕ್ಕ. ಅದೇ ಕೌಂಟಿ, ಅದೇ ಜನ, ಬೇರೆ ಕಾಗದ.

ಆಗ ಟಿವಿಯ ಹಾಸ್ಯ ಕಾರ್ಯಕ್ರಮಗಳಲ್ಲಿ ಫ್ಲಾರಿಡಾದ ಮುದುಕ ಮುದುಕಿಯರೇ ವಾರಗಟ್ಟಲೆ ನಗೆಗೆ ಸರಕಾದರು. ಓದಲು ಬಾರದೇ, ಬಾಣ ಕಾಣದೇ ಎಂಬ ಮೂದಲಿಕೆ. ಲೆಪೋರ್ ಅವರನ್ನು ದೂರುವುದೂ ಅಷ್ಟೇ ಸುಲಭವಾಗಿತ್ತು. ಅವರು ಮಾಡಹೊರಟದ್ದು ಒಳ್ಳೆಯದನ್ನೇ. ಅಕ್ಷರ ದೊಡ್ಡದಾಗಬೇಕು ಎಂಬ ಕಾಳಜಿ ಸರಿಯಾದದ್ದು. ಮಾದರಿ ಮತಪತ್ರ ಮೊದಲೇ ಎಲ್ಲರ ಕಣ್ಣಿಗೂ ಬಿದ್ದಿತ್ತು. ಆದರೆ ನೋಡುವುದು ಬೇರೆ, ಬಳಸುವುದು ಬೇರೆ. ಹತ್ತು ಮಂದಿ ಹಿರಿಯರನ್ನು ಕರೆದು ಕೂರಿಸಿ, ಕಾರ್ಡು ಕೈಗೆ ಕೊಟ್ಟು, ಬಾಯಿಮುಚ್ಚಿಕೊಂಡು ಪಕ್ಕದಲ್ಲಿ ನಿಂತು ಗಮನಿಸಿದ್ದರೆ ಒಂದೇ ಮಧ್ಯಾಹ್ನದಲ್ಲಿ ದೋಷ ಬಯಲಾಗಬಹುದಿತ್ತು. ಸದುದ್ದೇಶ ಪರೀಕ್ಷೆಗೆ ಬದಲಿಯಾಗದು ಎಂಬುದು ನಮ್ಮ ಕಸುಬಿನವರು ಗೋಡೆಗೆ ಅಂಟಿಸಿಕೊಳ್ಳಬೇಕಾದ ಮಾತು.

ಓದು ಬಾರದವರಿಗಾಗಿ ಮಾಡಿದ ಚುನಾವಣೆ

ಇದೇ ಸಮಸ್ಯೆಯನ್ನು ಅರ್ಧ ಶತಮಾನದ ಹಿಂದೆ ಇನ್ನೊಂದು ದೇಶ ಹೇಗೆ ಎದುರಿಸಿತು ಎಂಬುದನ್ನು ಈಗ ನೋಡಬಹುದು. 1951ರ ಅಕ್ಟೋಬರಿನಿಂದ 1952ರ ಫೆಬ್ರವರಿಯವರೆಗೆ ಭಾರತದ ಮೊದಲ ಮಹಾಚುನಾವಣೆ ನಡೆಯಿತು. ಮತದಾರರು 17 ಕೋಟಿಗೂ ಹೆಚ್ಚು. ಅವರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿಗೆ ಓದುಬರಹ ಬಾರದು. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಗಣಿತ ಓದಿದವರು, ಐಸಿಎಸ್ ಅಧಿಕಾರಿ. ಓದು ಕಲಿತ ಮೇಲೆ ಮತ ಕೊಡೋಣ ಎಂಬ ವಾದ ಆಗ ಅನೇಕರ ಬಾಯಲ್ಲಿತ್ತು. ಸಂವಿಧಾನ ಆ ವಾದವನ್ನು ಒಪ್ಪಿರಲಿಲ್ಲ. ಹಾಗಾಗಿ ಸೇನ್ ಅವರ ಮುಂದಿದ್ದ ಪ್ರಶ್ನೆ ನೇರವಾಗಿತ್ತು: ಅಕ್ಷರವನ್ನು ನಂಬಿಕೊಳ್ಳದ ಮತಪತ್ರ ಹೇಗಿರಬೇಕು?

ಪ್ರತಿ ಅಭ್ಯರ್ಥಿಗೂ ಒಂದೊಂದು ಉಕ್ಕಿನ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅವನ ಪಕ್ಷದ ಚಿಹ್ನೆ. ಕಾಂಗ್ರೆಸ್ಸಿಗೆ ನೊಗ ಹೊತ್ತ ಜೋಡೆತ್ತು, ಸೋಷಲಿಸ್ಟರಿಗೆ ಮರ, ಕಿಸಾನ್ ಮಜ್ದೂರ್ ಪ್ರಜಾ ಪಕ್ಷಕ್ಕೆ ಗುಡಿಸಲು, ಜನಸಂಘಕ್ಕೆ ದೀಪ, ಕಮ್ಯುನಿಸ್ಟರಿಗೆ ತೆನೆ ಮತ್ತು ಕುಡುಗೋಲು. ಮತದಾರ ಮರೆಯ ಹಿಂದೆ ಹೋಗಿ ಕೈಲಿದ್ದ ಚೀಟಿಯನ್ನು ತನಗೆ ಬೇಕಾದ ಪೆಟ್ಟಿಗೆಗೆ ಹಾಕಿ ಬಂದರೆ ಮುಗಿಯಿತು. ಬರೆಯುವುದಿಲ್ಲ, ಗುರುತು ಹಾಕುವುದಿಲ್ಲ, ಓದುವುದಿಲ್ಲ. ನೆನಪಿಟ್ಟುಕೊಂಡು ಹೇಳುವುದಕ್ಕಿಂತ ಕಂಡದ್ದನ್ನು ಗುರುತಿಸುವುದು ಸುಲಭ ಎಂಬುದು ನೀಲ್ಸನ್ ಅವರ ಹತ್ತು ಸೂತ್ರಗಳಲ್ಲೊಂದು. ಎತ್ತು, ಗುಡಿಸಲು, ದೀಪಗಳನ್ನು ನೋಡದ ಹಳ್ಳಿಯವರು ಯಾರು? ಮ್ಯಾಕಿಂಟಾಷ್ ಕಂಪ್ಯೂಟರ್ 1984ರಲ್ಲಿ ಕಸದಬುಟ್ಟಿಯ ಚಿತ್ರ ಹಾಕಿ ಜನರನ್ನು ಬೆರಗುಗೊಳಿಸುವುದಕ್ಕೆ ಮೂರು ದಶಕ ಮೊದಲೇ ನಮ್ಮಲ್ಲಿ ಕೋಟ್ಯಂತರ ಜನ ಐಕಾನ್ ಮುಟ್ಟಿ ಸರ್ಕಾರ ಆರಿಸಿದ್ದರು ಎಂದರೆ ಅತಿಶಯೋಕ್ತಿಯಲ್ಲ.

ಆದರೆ ಅದೇ ಚುನಾವಣೆಯಲ್ಲಿ ಸೋತ ಒಂದು ಇಂಟರ್‌ಫೇಸ್ ಕೂಡ ಇತ್ತು. ಅದು ಮತದಾರರ ಪಟ್ಟಿಯ ಒಂದು ಖಾಲಿ ಜಾಗ. ಹೆಸರು ಬರೆದುಕೊಳ್ಳಲು ಬಂದವರಿಗೆ ಉತ್ತರ ಭಾರತದ ಅನೇಕ ಕಡೆ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಪರಪುರುಷನ ಮುಂದೆ ಹೆಸರು ಹೇಳುವ ರೂಢಿ ಇರಲಿಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ ಎಂದೇ ಬರೆಸಿದರು. ಹೆಣ್ಣುಮಗಳು ಸ್ವಂತ ಹೆಸರಿನಲ್ಲೇ ಮತದಾರಳಾಗಬೇಕು ಎಂದು ಸೇನ್ ಪಟ್ಟು ಹಿಡಿದರು, ತಿದ್ದಿಕೊಳ್ಳಲು ಕಾಲಾವಕಾಶವನ್ನೂ ಕೊಟ್ಟರು. ಕೊನೆಗೆ ಸುಮಾರು 28 ಲಕ್ಷ ಹೆಂಗಸರ ನೋಂದಣಿ ಕೈಬಿಟ್ಟುಹೋಯಿತು. ತತ್ತ್ವದ ದೃಷ್ಟಿಯಿಂದ ಸೇನ್ ಮಾಡಿದ್ದು ಸರಿ ಎಂದೇ ನಮಗೂ ಅನ್ನಿಸುತ್ತದೆ. ಆದರೂ ಒಂದು ಅರ್ಜಿಯ ಒಂದು ಖಾನೆ, ಅದನ್ನು ಕೇಳುವ ಮನುಷ್ಯ, ಕೇಳುವ ರೀತಿ, ಇಷ್ಟು ಸೇರಿ 28 ಲಕ್ಷ ಜನರನ್ನು ಬಾಗಿಲ ಹೊರಗೆ ನಿಲ್ಲಿಸಬಲ್ಲವು. ಪೆಟ್ಟಿಗೆಯ ಮುಂದೆ ನಿಲ್ಲುವ ಮೊದಲೇ ಬಳಕೆದಾರರ ಅನುಭವ ಶುರುವಾಗಿರುತ್ತದೆ.

ಪೆಟ್ಟಿಗೆಗಳ ಪದ್ಧತಿಗೂ ತೊಂದರೆಗಳಿದ್ದವು. ಚೀಟಿಯನ್ನು ಪೆಟ್ಟಿಗೆಗೆ ಹಾಕದೆ ಜೇಬಿಗಿಳಿಸಿ ಹೊರಗೆ ತಂದು ಮಾರಬಹುದಿತ್ತು. ಅಭ್ಯರ್ಥಿಗಳು ಹೆಚ್ಚಿದಷ್ಟೂ ಪೆಟ್ಟಿಗೆಗಳು ಹೆಚ್ಚಬೇಕು. 1962ರ ಮಹಾಚುನಾವಣೆಯ ಹೊತ್ತಿಗೆ ಹೆಸರು ಮತ್ತು ಚಿಹ್ನೆಗಳನ್ನು ಒಂದೇ ಹಾಳೆಯಲ್ಲಿ ಅಚ್ಚು ಮಾಡಿ, ರಬ್ಬರ್ ಮುದ್ರೆ ಒತ್ತುವ ಕ್ರಮ ಬಂತು. ಆ ಮುದ್ರೆಯ ಆಕಾರವನ್ನು ಊರಿನಲ್ಲಿ ಮತ ಹಾಕಿದ ಹಿರಿಯರು ನೆನಪು ಮಾಡಿಕೊಳ್ಳಬಹುದು. ಸುಮ್ಮನೆ ಗುಣಾಕಾರದ ಗುರುತಲ್ಲ; ಒಂದೇ ದಿಕ್ಕಿಗೆ ತಿರುಗಿದ ಬಾಣಗಳ ಶಿಲುಬೆಯಂಥ ಗುರುತು. ಕಾರಣ ಇದೆ. ಮತಪತ್ರವನ್ನು ಮಡಿಸಿದಾಗ ಹಸಿ ಶಾಯಿ ಎದುರಿನ ಭಾಗಕ್ಕೂ ಅಂಟುತ್ತದೆ. ಸಾದಾ ಗುಣಾಕಾರವಾದರೆ ಯಾವುದು ಮತದಾರ ಒತ್ತಿದ್ದು, ಯಾವುದು ಅಂಟಿದ್ದು ಎಂದು ತಿಳಿಯದು. ಬಾಣದ ಗುರುತಾದರೆ ಅಂಟಿದ್ದು ಕನ್ನಡಿಯ ಬಿಂಬದಂತೆ ಉಲ್ಟಾ ತಿರುಗಿರುತ್ತದೆ. ಎಣಿಸುವವರು ಒಂದು ನೋಟಕ್ಕೆ ಹೇಳಬಲ್ಲರು. ಮತದಾರನಿಗೆ ಯಾವ ಹೊಸ ಪಾಠವನ್ನೂ ಹೇರದೆ, ಅವನು ಹೇಗೆ ಮಡಿಸಿದರೂ ಮತ ಉಳಿಯುವಂತೆ ಮಾಡಿದ ಉಪಾಯ ಇದು. ಅದೇ ವರ್ಷ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆಯಿಂದ ಬರತೊಡಗಿತು ಎಂಬುದನ್ನು ಹೆಮ್ಮೆಯಿಂದ ಸೇರಿಸುತ್ತೇವೆ.

ಬೆಳಗಾವಿಯ 456 ಹೆಸರುಗಳು

ಒಳ್ಳೆಯ ವಿನ್ಯಾಸಕ್ಕೂ ಒಂದು ಅಳತೆ ಇರುತ್ತದೆ. 1996ರ ಲೋಕಸಭಾ ಚುನಾವಣೆಯಲ್ಲಿ ಬೆಳಗಾವಿ ಕ್ಷೇತ್ರದ ಕಣದಲ್ಲಿ ಉಳಿದವರು 456 ಅಭ್ಯರ್ಥಿಗಳು. ಗಡಿವಿವಾದದ ಪ್ರತಿಭಟನೆಯಾಗಿ ರಾಶಿ ರಾಶಿ ನಾಮಪತ್ರಗಳು ಬಿದ್ದಿದ್ದವು. ಆಂಧ್ರದ ನಲ್ಗೊಂಡದಲ್ಲಿ 480. ತಮಿಳುನಾಡಿನ ಮೊಡಕುರಿಚ್ಚಿ ವಿಧಾನಸಭಾ ಕ್ಷೇತ್ರದಲ್ಲಿ 1,033. ಮೊಡಕುರಿಚ್ಚಿಯಲ್ಲಿ ಮತಪತ್ರವನ್ನು ಪುಸ್ತಕದ ರೂಪದಲ್ಲೇ ಮಾಡಬೇಕಾಯಿತು. 456 ಚಿಹ್ನೆಗಳ ನಡುವೆ ತನ್ನದನ್ನು ಹುಡುಕುವವನಿಗೆ ಚಿಹ್ನೆ ಇದ್ದೂ ಏನು ಪ್ರಯೋಜನ? ಸಂತೆಯಲ್ಲಿ ಮಗುವನ್ನು ಹುಡುಕಿದ ಹಾಗೆ.

ಇದಕ್ಕೆ ಪರಿಹಾರ ಕಾಗದದ ಮೇಲೆ ಸಿಗಲಿಲ್ಲ, ಕಾನೂನಿನಲ್ಲಿ ಸಿಕ್ಕಿತು. ಅದೇ ವರ್ಷ ಲೋಕಸಭೆಯ ಸಾಮಾನ್ಯ ಅಭ್ಯರ್ಥಿಯ ಠೇವಣಿಯನ್ನು 500 ರೂಪಾಯಿಯಿಂದ 10,000ಕ್ಕೆ ಏರಿಸಿದರು, ಪಕ್ಷೇತರರಿಗೆ ಹತ್ತು ಜನ ಸೂಚಕರು ಬೇಕೆಂದರು. ಪರದೆಯ ಮೇಲೆ ಐವತ್ತು ಗುಂಡಿ ಬೇಕೆಂದು ಮ್ಯಾನೇಜರ್ ಹಟ ಹಿಡಿದಾಗ, ಐವತ್ತನ್ನೂ ಚೆಂದವಾಗಿ ಜೋಡಿಸುವುದು ಹೇಗೆ ಎಂದು ನಾವು ತಲೆ ಕೆಡಿಸಿಕೊಳ್ಳುತ್ತೇವೆ. ಐವತ್ತು ಯಾಕೆ ಬೇಕು ಎಂದು ಕೇಳುವುದು ಕೆಲವು ಸಲ ಹೆಚ್ಚಿನ ಕೆಲಸ. ಠೇವಣಿ ಏರಿಸಿದ್ದು ಬಡ ಅಭ್ಯರ್ಥಿಯ ದಾರಿಗೆ ಅಡ್ಡ ಎಂಬ ಆಕ್ಷೇಪವೂ ನ್ಯಾಯವಾದದ್ದೇ. ಒಬ್ಬರಿಗೆ ಸುಲಭ ಮಾಡಿದ್ದು ಇನ್ನೊಬ್ಬರ ಲೆಕ್ಕದಲ್ಲಿ ಖರ್ಚಾಗುವುದು ಈ ವಿದ್ಯೆಯಲ್ಲಿ ಹೊಸದೇನಲ್ಲ.

ನೀಲಿ ಗುಂಡಿ, ಕೆಂಪು ದೀಪ, ಬೀಪ್

ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ತಯಾರಿಸಿದ ಮತಯಂತ್ರ ಇದೇ ದಾರಿಯ ಮುಂದಿನ ಹೆಜ್ಜೆ. 1982ರ ಮೇ ತಿಂಗಳಲ್ಲಿ ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ ವಿದ್ಯುನ್ಮಾನ ಯಂತ್ರದ ಮೊದಲ ಪ್ರಯೋಗ. 123 ಮತಗಳಿಂದ ಸೋತವರು ಕೋರ್ಟಿಗೆ ಹೋದರು. ಕಾನೂನಿನಲ್ಲಿ ಯಂತ್ರಕ್ಕೆ ಅವಕಾಶವೇ ಇಲ್ಲ ಎಂದು 1984ರಲ್ಲಿ ಸುಪ್ರೀಂ ಕೋರ್ಟ್ ಆ ಮತಗಟ್ಟೆಗಳಲ್ಲಿ ಕಾಗದದ ಮರುಮತದಾನ ನಡೆಸಲು ಹೇಳಿತು. ಕಾನೂನು ತಿದ್ದುಪಡಿಯಾಗಿ, ಪ್ರಯೋಗಗಳು ಮುಗಿದು, 2004ರಲ್ಲಿ ಎಲ್ಲ 543 ಲೋಕಸಭಾ ಕ್ಷೇತ್ರಗಳಲ್ಲೂ ಯಂತ್ರ ಬಂತು.

ಆ ಯಂತ್ರದ ಮುಖವನ್ನು ಒಮ್ಮೆ ನೆನಪಿಸಿಕೊಳ್ಳಿ. ಪರದೆ ಇಲ್ಲ. ಮೆನು ಇಲ್ಲ. ಒಂದೊಂದು ಸಾಲಿನಲ್ಲಿ ಹೆಸರು, ಚಿಹ್ನೆ, ಪುಟ್ಟ ದೀಪ, ನೀಲಿ ಗುಂಡಿ. ಗುಂಡಿ ಅದೇ ಸಾಲಿನ ತುದಿಯಲ್ಲೇ ಇದೆ. ಯಾವ ಹೆಸರಿಗೆ ಯಾವ ಗುಂಡಿ ಎಂಬ ಅನುಮಾನಕ್ಕೆ ಎಡೆಯಿಲ್ಲ. ಪಾಮ್ ಬೀಚಿನಲ್ಲಿ ತಪ್ಪಿಹೋದದ್ದು ಇದೇ ಜೋಡಣೆ. ಒತ್ತಿದ ಕೂಡಲೇ ಆ ಸಾಲಿನ ಕೆಂಪು ದೀಪ ಹತ್ತುತ್ತದೆ, ಉದ್ದನೆಯ ಬೀಪ್ ಸದ್ದಾಗುತ್ತದೆ. ಕಣ್ಣಿಗೊಂದು ಉತ್ತರ, ಕಿವಿಗೊಂದು ಉತ್ತರ. ಮತ್ತೆ ಎಷ್ಟು ಸಲ ಒತ್ತಿದರೂ ಏನೂ ಆಗದು. ಮತಗಟ್ಟೆಯ ಅಧಿಕಾರಿ ತನ್ನ ಕಡೆಯ ಯಂತ್ರದಲ್ಲಿ ಮುಂದಿನವರಿಗೆ ಅನುಮತಿ ಕೊಡಬೇಕು. ಇಬ್ಬರಿಗೆ ಮತ ಹಾಕಿ ಮತ ಕುಲಗೆಡಿಸುವುದು ಅಲ್ಲಿ ಸಾಧ್ಯವೇ ಇಲ್ಲ. ತಪ್ಪು ಮಾಡಬೇಡಿ ಎಂದು ಬೋರ್ಡು ಹಾಕುವ ಬದಲು ತಪ್ಪಿಗೆ ಜಾಗವೇ ಇಲ್ಲದಂತೆ ಮಾಡುವುದು ಉತ್ತಮ ಕಡಿವಾಣ. ನಿಮಿಷಕ್ಕೆ ಐದಕ್ಕಿಂತ ಹೆಚ್ಚು ಮತ ದಾಖಲಾಗದಂತೆ ಮಾಡಿದ್ದೂ ಅಂಥದೇ ಕಡಿವಾಣ. ಮತಗಟ್ಟೆಗೆ ನುಗ್ಗಿ ಕಟ್ಟುಗಟ್ಟಲೆ ಮುದ್ರೆ ಒತ್ತುತ್ತಿದ್ದವರ ಕೈಗೆ ಅದು ಹಾಕಿದ ಬೇಡಿ. ಮುಂದೆ ಕಣ್ಣು ಕಾಣದವರಿಗಾಗಿ ಗುಂಡಿಗಳ ಪಕ್ಕದಲ್ಲಿ ಬ್ರೈಲ್ ಅಂಕಿಗಳು ಬಂದವು. ಒಂದೇ ಹೆಸರಿನ ಡಮ್ಮಿ ಅಭ್ಯರ್ಥಿಗಳ ಕಾಟಕ್ಕೆ ಪರಿಹಾರವಾಗಿ 2015ರಿಂದ ಅಭ್ಯರ್ಥಿಗಳ ಭಾವಚಿತ್ರ ಸೇರಿತು. 2019ರಲ್ಲಿ ತೆಲಂಗಾಣದ ನಿಜಾಮಾಬಾದಿನಲ್ಲಿ ಅರಿಶಿನ ಬೆಳೆಗಾರರು ಸಾಲಾಗಿ ನಿಂತು 185 ಅಭ್ಯರ್ಥಿಗಳಾದಾಗ ಹನ್ನೆರಡು ಯಂತ್ರಗಳನ್ನು ಒಂದರ ಪಕ್ಕ ಒಂದು ಜೋಡಿಸಿ ಚುನಾವಣೆ ನಡೆಸಿದರು.

ಸುಲಭವಾದರೆ ಸಾಕೇ?

ಇಲ್ಲಿಗೆ ಮುಗಿಸಿ ಜೈಕಾರ ಹಾಕಿದರೆ ಅರ್ಧ ಕಥೆ ಹೇಳಿದಂತಾಗುತ್ತದೆ. ಗುಂಡಿ ಒತ್ತಿದೆ, ದೀಪ ಹತ್ತಿತು, ಸರಿ. ಒಳಗೆ ದಾಖಲಾದದ್ದು ಅದೇ ಮತವೇ? ದೀಪ ಹೇಳುವುದು ಯಂತ್ರ ಹೇಳಬಯಸಿದ್ದನ್ನು ಮಾತ್ರ. ಸಾಫ್ಟ್‌ವೇರ್ ಬರೆಯುವ ನಮಗೆ ಈ ಅನುಮಾನ ಬೇರೆಯವರಿಗಿಂತ ಬೇಗ ಬರುತ್ತದೆ.

2006ರಲ್ಲಿ ಮತ್ತೆ ಫ್ಲಾರಿಡಾ. ಸಾರಸೋಟಾ ಕೌಂಟಿಯಲ್ಲಿ ತೂತಿನ ಕಾರ್ಡು ಹೋಗಿ ಮುಟ್ಟುವ ಪರದೆ ಬಂದಿತ್ತು. ಅಲ್ಲಿನ ಕಾಂಗ್ರೆಸ್ ಸ್ಥಾನದ ಸ್ಪರ್ಧೆಯಲ್ಲಿ ಸುಮಾರು 18 ಸಾವಿರ ಮತದಾರರು ಯಾರಿಗೂ ಮತ ಹಾಕಿಲ್ಲವೆಂದು ಯಂತ್ರಗಳು ಹೇಳಿದವು. ಗೆಲುವಿನ ಅಂತರ 369. ಎರಡೇ ಹೆಸರಿನ ಆ ಸ್ಪರ್ಧೆ ಪರದೆಯ ತಲೆಯಲ್ಲಿ, ಅದರ ಕೆಳಗೆ ಬಣ್ಣದ ತಲೆಬರಹ ಹೊತ್ತ ಗವರ್ನರ್ ಸ್ಪರ್ಧೆಯ ಉದ್ದನೆಯ ಪಟ್ಟಿ. ಕಣ್ಣು ಬಣ್ಣದ ಕಡೆ ಜಾರಿ ಮೇಲಿನದನ್ನು ಕಾಣದೇ ಹೋಯಿತು ಎಂಬುದು ಹಲವು ಸಂಶೋಧಕರ ವಿವರಣೆ. ಯಂತ್ರವೇ ಕೆಟ್ಟಿತ್ತು ಎಂಬುದು ಸೋತವರ ವಾದ. ಸರ್ಕಾರಿ ಪರೀಕ್ಷೆಗಳಲ್ಲಿ ಯಂತ್ರದ ದೋಷ ಸಿಗಲಿಲ್ಲ. ಆದರೆ ಮತದಾರ ಏನು ಮಾಡಿದ ಎಂದು ತೋರಿಸುವ ಕಾಗದ ಒಂದೂ ಇಲ್ಲದಿದ್ದರಿಂದ ಅನುಮಾನ ಸಂಪೂರ್ಣ ಹೋಗಲೂ ಇಲ್ಲ. ಮರುವರ್ಷವೇ ಫ್ಲಾರಿಡಾ ಕಾಗದದ ಮತಪತ್ರಕ್ಕೆ ಮರಳುವ ಕಾನೂನು ಮಾಡಿತು. ಹಾಗೆಂದು ಕಾಗದ ತಾನಾಗಿ ಕಾಪಾಡುವುದೂ ಇಲ್ಲ. 2018ರಲ್ಲಿ ಬ್ರೊವರ್ಡ್ ಕೌಂಟಿಯ ಕಾಗದದ ಮತಪತ್ರದಲ್ಲಿ ಸೆನೆಟ್ ಸ್ಪರ್ಧೆಯನ್ನು ಎಡಗಡೆ ಸೂಚನೆಗಳ ಉದ್ದ ಅಂಕಣದ ಬುಡದಲ್ಲಿ ಅಚ್ಚು ಹಾಕಿದ್ದರು. ಸೂಚನೆಗಳನ್ನು ಯಾರು ಓದುತ್ತಾರೆ? ಗವರ್ನರ್ ಸ್ಥಾನಕ್ಕೆ ಬಿದ್ದ ಮತಗಳಿಗಿಂತ ಸೆನೆಟ್‌ಗೆ ಬಿದ್ದವು ಸುಮಾರು 25 ಸಾವಿರ ಕಡಿಮೆ. ರಾಜ್ಯಮಟ್ಟದಲ್ಲಿ ಗೆಲುವಿನ ಅಂತರ 10,033. ಹಾಗೆ ಅಚ್ಚು ಹಾಕಬೇಡಿ ಎಂಬ ಸಲಹೆ ಕೇಂದ್ರದ ಚುನಾವಣಾ ಸಹಾಯ ಆಯೋಗದ 2007ರ ಮಾರ್ಗಸೂಚಿಯಲ್ಲೇ ಇತ್ತು.

ನಂಬಿಕೆಯ ಪ್ರಶ್ನೆಗೆ ಅತ್ಯಂತ ಸ್ಪಷ್ಟವಾದ ಉತ್ತರ ಬಂದದ್ದು ಜರ್ಮನಿಯಿಂದ. 2005ರ ಚುನಾವಣೆಯಲ್ಲಿ ಬಳಸಿದ ಮತಯಂತ್ರಗಳು ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 2009ರ ಮಾರ್ಚಿನಲ್ಲಿ ಹೇಳಿತು. ಮೋಸ ನಡೆದಿದೆ ಎಂದೇನೂ ಅಲ್ಲ. ಆ ಚುನಾವಣೆಯನ್ನು ರದ್ದುಪಡಿಸಲೂ ಇಲ್ಲ. ಮತದಾನದ ಮುಖ್ಯ ಹಂತಗಳನ್ನು ವಿಶೇಷ ತಾಂತ್ರಿಕ ಜ್ಞಾನವಿಲ್ಲದ ಸಾಮಾನ್ಯ ಪ್ರಜೆಯೂ ಪರಿಶೀಲಿಸಿ ನೋಡುವಂತಿರಬೇಕು ಎಂಬುದು ಅದರ ತರ್ಕ. ಎಂಜಿನಿಯರುಗಳು ‘ನಮ್ಮನ್ನು ನಂಬಿ’ ಎಂದರೆ ಸಾಲದು.

ಭಾರತ ಬೇರೆ ದಾರಿ ಹಿಡಿಯಿತು. 2013ರಲ್ಲಿ ನಾಗಾಲ್ಯಾಂಡಿನ ನೊಕ್ಸೆನ್ ಕ್ಷೇತ್ರದಲ್ಲಿ ಮೊದಲ ಬಾರಿಗೆ ಯಂತ್ರದ ಪಕ್ಕ ಮುದ್ರಕ ಬಂತು. ಅದೇ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಕಾಗದದ ಸಾಕ್ಷಿ ಅನಿವಾರ್ಯ ಎಂದಿತು. 2019ರ ಲೋಕಸಭಾ ಚುನಾವಣೆಯ ವೇಳೆಗೆ ಎಲ್ಲ ಕಡೆ ಬಂತು. ಗುಂಡಿ ಒತ್ತಿದ ಮೇಲೆ ಗಾಜಿನ ಹಿಂದೆ ಚೀಟಿಯೊಂದು ಏಳು ಸೆಕೆಂಡು ಕಾಣಿಸಿ ಪೆಟ್ಟಿಗೆಯೊಳಗೆ ಬೀಳುತ್ತದೆ. ಎಲ್ಲ ಚೀಟಿಗಳನ್ನೂ ಎಣಿಸಿ ತಾಳೆ ನೋಡಬೇಕೆಂಬ ಬೇಡಿಕೆಯನ್ನು ನ್ಯಾಯಾಲಯ 2024ರ ಏಪ್ರಿಲ್‌ನಲ್ಲಿ ಒಪ್ಪಲಿಲ್ಲ. ಚರ್ಚೆ ಅಲ್ಲಿಗೆ ನಿಂತಿಲ್ಲ. ನಮ್ಮ ಅಭಿಪ್ರಾಯ ಇಷ್ಟು: ಸೋತವನಿಗೂ ತಾನು ಸೋತೆನೆಂದು ಮನವರಿಕೆಯಾಗುವಂತೆ ಇರುವುದು ಮತದಾನದ ಸಾಧನಕ್ಕೆ ಅಲಂಕಾರವಲ್ಲ, ಅದರ ಮುಖ್ಯ ಕೆಲಸಗಳಲ್ಲೊಂದು. ಬಳಸಲು ಸುಲಭವಾದದ್ದೆಲ್ಲ ನಂಬಲು ಯೋಗ್ಯವಾಗಿರಬೇಕೆಂದಿಲ್ಲ. ನಂಬಬಹುದಾದದ್ದು ಬಳಸಲು ಕಷ್ಟವಾದರೆ ಅದರಿಂದಲೂ ಉಪಯೋಗವಿಲ್ಲ. ಎರಡನ್ನೂ ಸೇರಿಸಿ ಯೋಚಿಸಬೇಕು.

ಮಿತ್ರರೇ, ಮೂಲಪಾಠಗಳನ್ನು ಒಟ್ಟಾಗಿ ನೋಡಿದರೆ ಅವೇನೂ ಗಹನವಾದವಲ್ಲ. ಮಾಡಬೇಕಾದದ್ದು ಕಣ್ಣಿಗೆ ಕಾಣಬೇಕು. ಗುಂಡಿಗೂ ಅದರ ಕೆಲಸಕ್ಕೂ ಸಂಬಂಧ ಸಹಜವಾಗಿರಬೇಕು. ಮಾಡಿದ್ದಕ್ಕೆ ಕೂಡಲೇ ಉತ್ತರ ಬರಬೇಕು. ತಪ್ಪಿಗೆ ಆದಷ್ಟು ಜಾಗ ಇರಬಾರದು, ಆದರೆ ತಿದ್ದಿಕೊಳ್ಳಲು ಜಾಗ ಇರಬೇಕು. ಕೊನೆಗೆ, ಆದದ್ದನ್ನು ಪರಿಶೀಲಿಸಿ ನೋಡುವ ದಾರಿ ಇರಬೇಕು. ಇಷ್ಟನ್ನೂ ಬಲ್ಲವರೇ ಮತ್ತೆ ಮತ್ತೆ ಎಡವುವುದು ಒಂದೇ ಕಾರಣಕ್ಕೆ: ನಾವು ನಮ್ಮಂಥವರನ್ನೇ ಬಳಕೆದಾರರೆಂದು ಕಲ್ಪಿಸಿಕೊಳ್ಳುತ್ತೇವೆ. ಸುಕುಮಾರ್ ಸೇನ್ ಅವರಿಗೆ ಆ ಸೌಕರ್ಯ ಇರಲಿಲ್ಲ. ಅವರ ಬಳಕೆದಾರರು ಅವರಂತಿಲ್ಲ ಎಂಬುದು ಮೊದಲ ದಿನದಿಂದಲೇ ನಿಚ್ಚಳವಾಗಿತ್ತು. ಅದೇ ಅವರ ವಿನ್ಯಾಸವನ್ನು ಕಾಪಾಡಿತು.

ಇಲ್ಲಿನ ಕನ್ನಡ ಸಂಘಗಳಲ್ಲೂ ಕಾರ್ಯಕಾರಿ ಸಮಿತಿಗೆ ಚುನಾವಣೆ ನಡೆಯುತ್ತದೆ, ಊಟದ ಕೂಪನ್ನಿಗೆ ಆನ್‌ಲೈನ್ ಅರ್ಜಿ ತುಂಬಿಸುತ್ತಾರೆ, ಯುಗಾದಿ ಕಾರ್ಯಕ್ರಮಕ್ಕೆ ನೋಂದಣಿ ಮಾಡಿಸುತ್ತಾರೆ. ಅಂಥ ಅರ್ಜಿ ತಯಾರಿಸುವ ಜವಾಬ್ದಾರಿ ನಿಮ್ಮ ಮೇಲೆ ಬಿದ್ದರೆ, ಎಲ್ಲರಿಗೂ ಕಳಿಸುವ ಮುನ್ನ ಮಕ್ಕಳ ಮನೆಗೆ ಬಂದಿರುವ ಯಾರಾದರೂ ಅತ್ತೆಯವರ ಅಥವಾ ಮಾವನವರ ಕೈಗೆ ಕೊಟ್ಟು ನೋಡಿ. ಎಲ್ಲಿ ಒತ್ತಬೇಕೆಂದು ಬೆರಳು ತೋರಿಸಬೇಡಿ. ಹತ್ತು ನಿಮಿಷ ಸುಮ್ಮನೆ ಪಕ್ಕದಲ್ಲಿ ಕುಳಿತಿರಿ. ಅವರು ಎಲ್ಲಿ ತಡವರಿಸಿದರೋ ಆ ಜಾಗವನ್ನು ಬರೆದಿಟ್ಟುಕೊಂಡು ತಿದ್ದಿ. ಊಟದ ಎಣಿಕೆಯಂತೂ ಈ ಸಲ ಸರಿಯಾಗಿ ಬರುತ್ತದೆ.